ಗ್ಯಾರೇಜಿಗೆ ಹೋಗೋ ಮುಂಚೆ ಚುಚ್ಚಿಸ್ಕೋ

ಮಗನೇ,

ನಾನು ಬೆಳಗಿನ ಪಾಳಿಗೆ ಹೊರಟೆ. ಹಾಲು ಕಾಯಿಸಿ ಮುಚ್ಚಿಟ್ಟಿದೀನಿ. ಅಕ್ಕನ್ನ ಎಬ್ಬಿಸುವಾಗ ಭುಜ ಹಿಡಿದು ಅಲ್ಲಾಡಿಸಬೇಡ, ಬೆಚ್ಚಿಬೀಳ್ತಾಳೆ. ಮಂಚಕ್ಕೆ ಮೆಲ್ಲಗೆ ತಟ್ಟು, ಗೊತ್ತಾಗುತ್ತೆ.

ಗ್ಯಾರೇಜಿಗೆ ಆಮೇಲೆ ಹೋಗು, ಮೊದಲು ಕ್ಲಿನಿಕ್ಕು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಒಂದೇ ಸೂಜಿ. ನರ್ಸಮ್ಮನಿಗೆ ಹೇಳಿಟ್ಟಿದೀನಿ. ‘ಚಿಕ್ಕವನಿದ್ದಾಗಲೇ ಹಾಕಿಸಿದ್ದೆಯಲ್ಲಮ್ಮಾ’ ಅಂತ ರಾಗ ಎಳೀಬೇಡ. ಆಗ ಹಾಕಿದ್ದು ದಡಾರದ್ದೊಂದೇ.

ನಿನ್ನ ಹೆಂಡತಿಗೆ ರುಬೆಲ್ಲಾ ತಡೆಯೋ ಶಕ್ತಿ ಇಲ್ಲ ಅಂತ ರಕ್ತಪರೀಕ್ಷೇಲಿ ಬಂದಿದೆ. ಬಸುರಿಗೆ ಈ ಸೂಜಿ ಹಾಕೋ ಹಾಗಿಲ್ಲ. ಸುತ್ತ ಇರೋರೇ ಹಾಕಿಸ್ಕೋಬೇಕು. ಅಕ್ಕ ಹೋದ ವಾರ ಹಾಕಿಸ್ಕೊಂಡಳು, ಮುಖ ಕೂಡ ಕಿವುಚಲಿಲ್ಲ. ನೀನೊಬ್ಬ ಬಾಕಿ.

‘ಬಂದ್ರೂ ಏನಾಗುತ್ತೆ, ಎರಡು ದಿನ ಮೈಮೇಲೆ ಗಂಧೆ ಏಳುತ್ತೆ, ಅಷ್ಟೇ ತಾನೆ’ ಅಂದೆ ನಿನ್ನೆ. ನನಗೆ ಊಟ ಸೇರಲಿಲ್ಲ.

ಅಕ್ಕ ನನ್ನ ಹೊಟ್ಟೇಲಿದ್ದಾಗ ನನ್ನ ತಮ್ಮ, ನಿನ್ನ ಸೋದರಮಾವ, ಮೈತುಂಬ ಗಂಧೆ ಎದ್ದಿದ್ದರೂ ನನ್ನ ನೋಡೋಕೆ ಬಂದ. ಸೆಕೆಗೆ ಎದ್ದಿದೆ ಅಂದ್ಕೊಂಡಿದ್ದ. ಅವನಿಗೆ ಎರಡೇ ದಿನದಲ್ಲಿ ವಾಸಿಯಾಯ್ತು. ಆಮೇಲೆ ಅದೇ ರುಬೆಲ್ಲಾ ನನಗೂ ಬಂತು. ಅಕ್ಕ ಹುಟ್ಟಿದಾಗ ಅವಳಿಗೆ ಕಿವಿ ಕೇಳ್ತಿರಲಿಲ್ಲ.

ಅವನಿಗೆ ಈ ವಿಷಯ ನಾನು ಇವತ್ತಿಗೂ ಹೇಳಿಲ್ಲ. ಬಂದಾಗಲೆಲ್ಲ ಅವಳ ಎದುರಿಗೇ ಕೂತು, ತುಟಿ ಕಾಣೋ ಹಾಗೆ ನಿಧಾನವಾಗಿ ಮಾತಾಡ್ತಾನೆ, ಪಾಪ. ಅವನಿಗೆ ಆಗ ಗೊತ್ತಿರಲಿಲ್ಲ, ಅದಕ್ಕೇ ಬಾಯಿಬಿಟ್ಟಿಲ್ಲ.

ನಿನಗೆ ಈಗ ಗೊತ್ತಾಯ್ತು.

ಅಮ್ಮ