ಪಾಲಿಶ್ ಹಿಡಿದ ಪರ್ಸಿ

ಶಹಾಬಾದ
ಗುರುವಾರ, ೧೨ ಫೆಬ್ರವರಿ ೨೦೨೬

ನನ್ನ ತಾಯಿ ದೇವಿಕಾ,

ಆರಾಮ ಇದ್ದೀಯಿಲ್ಲ? ಮೈಸೂರಿನ ಅನ್ನ ಉಂಡು ಉಂಡು ರೊಟ್ಟಿ ಮರ್ತಾಳೇನು ಅಂತ ನಿಮ್ಮವ್ವ ದಿನಾ ಕೇಳ್ತಾಳ. ಆಕಿ ಮಣಕಾಲು ಈಗ ಸುಧಾರಿಸ್ಯಾವ. ಬಾಯಿ ಮೊದಲಿಂದನೂ ಗಟ್ಟಿನೇ ಅದ.

ನೀ ಕೆಲಸ ಮಾಡೋ ಮ್ಯೂಸಿಯಂದ ವಿಡಿಯೋ ನಮ್ಮ ಕಲ್ಲು ಪಾಲಿಶ್ ಕಾರ್ಖಾನ್ಯಾಗ ಎಲ್ಲಾರಿಗೂ ತೋರಿಸಿದೆ. ಒಂದು ಹಳೇ ಚಿತ್ರದ ಮುಂದ ಕ್ಯಾಮೆರಾ ಮೂರು ನಿಮಿಷ ನಿಂತೇ ಬಿಟ್ಟದ. ನನ್ನ ಜೋಡಿ ಕೆಲಸ ಮಾಡೋ ಅಮೀರ್ ಅಲಿ, "ಶಿವರಾಯಣ್ಣಾ, ನೆಟ್ ಹೋತೇನೋ?" ಅಂತ ಫೋನ್ ಬಡದು ನೋಡಿದ. ಆಮ್ಯಾಲ ಅಂವನೇ, "ಅರೇ, ಆ ಹೆಣ್ಮಗಳ ಒಂದೇ ಕಿವ್ಯಾಗ ಓಲಿ ಅದ ನೋಡ್ರಿ" ಅಂದ. ಎಲ್ಲಾರೂ ತಲಿ ತೂರಿಸಿ ನೋಡಿದ್ವಿ. ದಿನಾ ನೆಲಕ್ಕ ಹಾಸೋ ಎಷ್ಟು ಪರ್ಸಿ ಕಲ್ಲು ನಮ್ಮ ಕೈಯಾಗ ಹಾದು ಹೋಗ್ತಾವ, ಒಂದನ್ನೂ ಹಂಗ ನಿಂತು ನೋಡಿಲ್ಲವ್ವ. ಚೀಟಿ ತಗದು ಅಲ್ಲೀತನಕ ಬಂದು ನೋಡೋದು ನಮ್ಮ ಕೈಲೆ ಆಗ್ತಿತ್ತೇನು? ಮ್ಯೂಸಿಯಮ್ಮೇ ಎದ್ದು ಕಾರ್ಖಾನಿಗೆ ಬಂದು ಕುಂತಂಗಾತು.

ಮುಂದಿನ ವಿಡಿಯೋ ನಿಂದೇ, ಅದು ಮ್ಯೂಸಿಯಂ ಸಾಹೇಬರ ಮನಸಿಗೆ ಬಂದ್ರ ಕೆಲಸ ಕಾಯಂ ಅಂದಿದ್ದಿ. ನಿಮ್ಮ ಮುತ್ಯಾ, ನಮ್ಮಪ್ಪ ಬೀರಲಿಂಗ, ಊಟದ ಹೊತ್ತಿನ್ಯಾಗ ಉಳಿ ಹಿಡಿದು ಪರ್ಸಿ ಮ್ಯಾಲ ಕೊರದಿದ್ದನಲ್ಲ, ರೊಟ್ಟಿ ಬಡಿಯೋ ನಮ್ಮವ್ವ ಪೀರಮ್ಮ ಆಯಿ ಚಿತ್ರ, ಅದನ್ನ ಫೋನಿನ್ಯಾಗ ತಗದು ಕಳಸು ಅಂದಿ. ಆಯಿ ಜಲ್ಮದಾಗ ಒಂದು ಫೋಟೋ ತಗಸಿಕೊಂಡಾಕಿ ಅಲ್ಲ. ಇದ್ದಿದ್ದು ಅದೊಂದೇ. ಒಲಿ ಹಿಂದಿಂದ ಕಲ್ಲು ಕಿತ್ತು ನೋಡಿದ್ರ ನಲವತ್ತು ವರ್ಷದ ಮಸಿ. ಪಾಲಿಶ್ ಹಿಡೀದೆ ಗಿರಾಕಿಗೆ ಕಲ್ಲು ತೋರಿಸಿದ್ರ ನಮ್ಮಲ್ಲಿ ಮರ್ಯಾದಿ ಇರಂಗಿಲ್ಲ. ಮಗಳ ಸಾಹೇಬರಿಗೆ ಮಸಿ ಕಲ್ಲು ತೋರಿಸ್ಲೇನು? ಒಂದೇ ಒಂದು ಕೈ ಮಷೀನ್ ಹಿಡಿದೆ. ನೀರು ಹೊಡದು ನೋಡಿದ್ರ ಆಯಿ ಇಲ್ಲ. ಆಕಿ ಕೈಯಾಗಿನ ಒಂದು ಬಳಿ ಉಳದದ. ಆಕಿ ಮಾರಿ ಇದ್ದಲ್ಲಿ ನನ್ನ ಮಾರಿ ಹೊಳಿಲಿಕತ್ತದ, ಅದೂ ಗಡ್ಡ ಬಿಟ್ಟಿದ್ದು.

ನಗಬ್ಯಾಡ. ಇಲ್ಲ, ನಗು, ನಕ್ರ ನನಗೂ ಹಗರ. ಫೋನಿನ್ಯಾಗ ಹೇಳಿದ್ರ ನೀ ಸುಮ್ಮಾಗೋದು ಕೇಳಸ್ತದ, ಅದಕ್ಕೇ ಈ ಕಾಗದ.

ನಿನ್ನ ರೂಮಿನ ಮೈತ್ರಿಗೆ ಕೇಳೀನಿ ಅಂತ ಹೇಳು. ನಿನ್ನ ಕೈಯಾಗಿನ ಕ್ಯಾಮೆರಾ ನಡುಗದಂಗ ದೇವರು ಕಾಯಲಿ.

ನಿಮ್ಮಪ್ಪ
ಶಿವರಾಯ

ತಾ.ಕ.: ಪಾಕೀಟಿನ್ಯಾಗ ಮೆಮೊರಿ ಕಾರ್ಡ್ ಇಟ್ಟೀನಿ, ಒಗಿಬ್ಯಾಡ. ನುಣ್ಣನ ಕಲ್ಲಿನ ಮ್ಯಾಲ ಬೆರಳಾಡಿಸಿ, ಇಲ್ಲಿ ಆಯಿ ಮೂಗಿತ್ತು, ಇಲ್ಲಿ ಸೆರಗಿತ್ತು, ಅಳಿಸಿದಾಂವ ನಾನೇ ಅಂತ ಹೇಳೀನಿ. ಅದರ ವಿಡಿಯೋ ಅಮೀರ್ ಅಲಿ ಎರಡು ಸಲ ತಗದಾನ. ಒಂದರಾಗ ಭಾಳ ನಗಿಸೀನಿ. ಇನ್ನೊಂದರಾಗ ಆಕಿ ರೊಟ್ಟಿ ಇದ್ದಲ್ಲೀತನಕ ಬಂದು ಮಾತು ನಿಂತದ, ಬೆರಳಷ್ಟೇ ಗುಂಡಗ ತಿರುಗ್ತದ. ಸಾಹೇಬರಿಗೆ ಖರೇ ಹೇಳು, ಬೈದ್ರ ನನ್ನ ನಂಬರ್ ಕೊಡು. ನಗಿಸಿದ್ದು ಬ್ಯಾಡವ್ವ. ಇನ್ನೊಂದು ಹಾಕು.