ಹಾಲೇಶನ ಮನೆಯ ಹಿಂದಿನ ಧರೆ

ಡಿಸೆಂಬರ್ 8, ಭಾನುವಾರ

ಎದ್ದ ಕೂಡಲೇ ಕಂಪ್ಯೂಟರ್ ನೋಡಿದೆ. ಆನ್ ಇದೆ. ಯಾರೂ ಬಂದಿಲ್ಲ. ಇದು ಆನ್ ಇದ್ದರೆ ಹಾಲೇಶ್ ಎಲ್ಲಿಂದ ಬೇಕಾದರೂ ನಮ್ಮ ಗೇಮಿನೊಳಗೆ ಬರಬಹುದು. ಅದಕ್ಕೇ ಆರಿಸುವುದಿಲ್ಲ.

ಮೇ ತಿಂಗಳಲ್ಲಿ ಸ್ವಾತಿಯನ್ನು ಮದುವೆಯಾಗಿ ಸಕಲೇಶಪುರದ ಕಡೆ ಕಾಫಿ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರ್ ಆಗಿ ಹೋದ. ಅಲ್ಲಿಂದ ಒಮ್ಮೆಯೂ ಗೇಮಿಗೆ ಬಂದಿಲ್ಲ. ಮೊದಲು ಪಕ್ಕದ ಎಸ್ಟೇಟಿನಲ್ಲೇ ಇದ್ದ. ಅವನು ಅಲ್ಲಿಯ ರೈಟರ್, ನಾನು ಇಲ್ಲಿಯ ರೈಟರ್. ಸಂಜೆ ಆಫೀಸು ಬಾಗಿಲು ಹಾಕಿ ಇಬ್ಬರೂ ಗೇಮಿನಲ್ಲಿ ಊರು ಕಟ್ಟುತ್ತಿದ್ದೆವು. ಬ್ಲಾಕ್ ಮೇಲೆ ಬ್ಲಾಕ್. ಮನೆ, ಸೇತುವೆ, ಕಾಫಿ ಕಣ... ನಲವತ್ತರ ಹತ್ತಿರದ ಇಬ್ಬರು ಗಂಡಸರು! ಯಾರಿಗೂ ಹೇಳಿಲ್ಲ.

ಅವನದೊಂದು ತಕರಾರಿತ್ತು. "ಎಂತ ಊರು ಮಾರಾಯ ಇದು, ಬುಡ ಕಡಿದ್ರೂ ಮರದ ತುದಿ ಆಕಾಶದಲ್ಲೇ ನಿಂತಿರುತ್ತೆ."

ಅದಕ್ಕೊಂದು ಮಾಡ್ ಇದೆಯಂತೆ, ಗೇಮಿಗೆ ಹೊರಗಿನಿಂದ ಸೇರಿಸುವ ಸಣ್ಣ ಪ್ರೋಗ್ರಾಮು. ಹಾಕಿದರೆ ಆಧಾರವಿಲ್ಲದ್ದು ಬೀಳುತ್ತದೆ, ಮಣ್ಣು ಜಾರುತ್ತದೆ, ಎಲ್ಲ ನಿಜದ ಹಾಗೆ. ಮರ ಬೀಳುವುದನ್ನು ನೋಡುವುದಕ್ಕಾದರೂ ಬಂದಾನು.

ಡಿಸೆಂಬರ್ 11

ಮಾಡ್ ಹಾಕಿದೆ. ಗೇಮೇ ಓಪನ್ ಆಗಲಿಲ್ಲ. ವರ್ಷನ್ ಬೇರೆಯಂತೆ. ತೆಗೆದೆ, ಹಾಕಿದೆ, ತೆಗೆದೆ.

ಮೇಸ್ತ್ರಿ ಭೂತಯ್ಯ ಕಿಟಕಿಯಲ್ಲಿ ಇಣುಕಿದ. "ರೈಟ್ರೇ, ಅಲ್ಲಿ ಕಣದ ತುಂಬಾ ಹಣ್ಣು ಬಂದು ಬಿದ್ದಿದೆ. ನೀವು ಇಲ್ಲಿ ಎಂತ ಕುಟ್ತಾ ಕೂತಿದೀರಿ?"

ರಿಪೋರ್ಟು ಎಂದೆ. ನಂಬಲಿಲ್ಲ, ಪಾಪ.

ಡಿಸೆಂಬರ್ 15, ಭಾನುವಾರ

ಈಗ ಓಪನ್ ಆಗುತ್ತಿದೆ. ಆದರೆ ಮಾಡ್ ಆನ್ ಮಾಡುವ ಮುಂಚೆ ಊರನ್ನು ಭದ್ರ ಮಾಡಬೇಕು. ಹಾಲೇಶ್ ಕಟ್ಟಿದ್ದೆಲ್ಲ ಗಾಳಿಯಲ್ಲೇ ನಿಂತಿದೆ. ಆಸಾಮಿಗೆ ಕಂಬ ಅಂದರೆ ಅಲರ್ಜಿ. ದಿನವಿಡೀ ಅವನ ಸೇತುವೆಗೆ, ಸೂರಿಗೆ, ಜಗಲಿಗೆ ಕಂಬ ಕೊಟ್ಟೆ, ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಡುವ ಹಾಗೆ. ಅವನ ಮನೆಯೊಳಗೆ ಹೋಗಿ ಬಂದೆ. ಕೊನೆಯ ದಿನ ಎದ್ದು ಹೋದ ಹಾಸಿಗೆ ಹಾಗೆಯೇ ಇದೆ. ಮತ್ತೆ ಬಂದರೆ ಅಲ್ಲಿಯೇ ಕಣ್ಣು ಬಿಡುತ್ತಾನೆ.

ಹಳೆಯ ಊರಿನದೊಂದು ಕಾಪಿಯನ್ನೂ ತೆಗೆದಿಟ್ಟೆ.

ಡಿಸೆಂಬರ್ 16, ಸಂಜೆ

ಆನ್ ಮಾಡಿದೆ. ಒಂದು ಮರದ ಬುಡ ಕಡಿದೆ. ವಾಲಿತು... ಬಿತ್ತು! ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ.

ಆಮೇಲೆ ಹಿಂದಿನಿಂದ ದಬದಬ ಸದ್ದು. ತಿರುಗಿದರೆ ಹಾಲೇಶನ ಮನೆ ಇಲ್ಲ.

ಸೇತುವೆ ಇದೆ. ಕಂಬಗಳೆಲ್ಲ ಇವೆ. ಮನೆಯ ಹಿಂದಿನ ಧರೆ ಜರಿದು ಮನೆಯ ಮೇಲೆ ಬಿದ್ದಿದೆ. ಇಲ್ಲಿ ಮನೆ ಕಟ್ಟುವುದೆಂದರೆ ಗುಡ್ಡ ಕಡಿಯಬೇಕು, ಕಡಿದಾಗ ಹಿಂದೆ ಗೋಡೆಯ ಹಾಗೆ ಧರೆ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಅದರ ಬುಡದಲ್ಲೇ ಮಲಗಿ ಎದ್ದವರು, ಅದನ್ನು ಯಾರು ನೋಡುತ್ತಾರೆ? ಗೇಮಿನಲ್ಲಿ ಕಣ್ಣು ಹಾಯುವಷ್ಟು ದೂರ ಬಯಲಿತ್ತು. ಆದರೂ ಇಬ್ಬರೂ ಸೇರಿ ಗುಡ್ಡವನ್ನೇ ಕಡಿದೆವು. ಬಯಲಿನಲ್ಲಿ ಮನೆ ಕಟ್ಟಬಹುದೆಂದು ಒಬ್ಬನ ತಲೆಗೂ ಬರಲಿಲ್ಲ.

ಡಿಸೆಂಬರ್ 17

ಹಳೆಯ ಕಾಪಿ ಹಾಕಿದರೆ ಒಂದೇ ನಿಮಿಷ, ಮನೆ ಬರುತ್ತದೆ. ಆದರೆ ಮರ ಮತ್ತೆ ಆಕಾಶದಲ್ಲಿ ನಿಲ್ಲುತ್ತದೆ. ಅವನನ್ನು ಏನು ಹೇಳಿ ಕರೆಯಲಿ?

ಬೇಡ. ಅಗೆದು ತೆಗೆಯುತ್ತೇನೆ. ಆರು ತಿಂಗಳು ಬಾರದವನು ಈ ವಾರವೇ ಬರುತ್ತಾನೆಯೇ?

ಡಿಸೆಂಬರ್ 22, ಭಾನುವಾರ

ಫೋನ್ ಮಾಡಿದೆ. ಎತ್ತಿದ. ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು.

"ಹೇಳು ಮಾರಾಯ."

"ಗೇಮಿಗೆ ಯಾವಾಗ ಬರ್ತೀಯ? ಒಂದು ಹೊಸದು ಮಾಡಿದೀನಿ."

"ಎಲ್ಲಿ ಪುರುಸೊತ್ತು? ಕುಯ್ಲು ಮುಗೀಲಿ. ನೀ ಹುಷಾರಿದೀಯಲ್ಲ?"

ಹುಷಾರಿದ್ದೇನೆ ಎಂದೆ. ಇಟ್ಟುಬಿಟ್ಟ. ಧರೆಯ ವಿಷಯ ಹೇಳಲಿಲ್ಲ. ಮೊದಲು ಮನೆ ಸರಿಯಾಗಲಿ.

ಜನವರಿ 5

ನಮ್ಮಲ್ಲೂ ಕುಯ್ಲು ಜೋರು. ಸಂಜೆ ಸ್ವಲ್ಪ ಹೊತ್ತು ಮಾತ್ರ ಅಗೆಯುವುದು. ಒಂದು ಬ್ಲಾಕ್ ತೆಗೆದರೆ ಮೇಲಿಂದ ಎರಡು ಜಾರುತ್ತವೆ. ನಿಜದ ಹಾಗೆ ಅಂದರೆ ಇದೇ. ಇವತ್ತು ಜಗಲಿಯ ಒಂದು ಮೂಲೆ ಕಂಡಿತು. ಸಂತೋಷವಾಯಿತು. ಹೇಳುವುದಕ್ಕೆ ಯಾರೂ ಇಲ್ಲ.

ಜನವರಿ 14, ಸಂಕ್ರಾಂತಿ

ಮಧ್ಯಾಹ್ನ ಎಸ್ಟೇಟಿನ ಸಾಹುಕಾರ್ರ ಮನೆಯಲ್ಲಿ ಊಟ. ಅವರ ಹೆಂಡತಿ ಗಿರಿಜಾಂಬಾ ಅಮ್ಮನವರೇ ಹೇಳಿ ಕಳಿಸಿದ್ದರು. "ಒಬ್ಬರೇ ಏನ್ ಬೇಯಿಸ್ಕೊಳ್ತೀರಿ ಷಡಕ್ಷರಿ, ಇಲ್ಲೇ ಬನ್ನಿ." ಎಳ್ಳುಬೆಲ್ಲ ಕೊಟ್ಟರು. ಮನೆ ತುಂಬಾ ನೆಂಟರು. ಒಂದು ಬದಿಗೆ ಕೂತು ಉಂಡು ಬಂದೆ.

ಬಂದು ಕಂಪ್ಯೂಟರ್ ನೋಡಿದರೆ ಪರದೆಯ ಮೇಲೆ ಗೇಮಿನ ಮೂರು ಸಾಲು. ಹಾಲೇಶ್ ಒಳಗೆ ಬಂದ. ಹಾಲೇಶ್ ಉಸಿರುಗಟ್ಟಿ ಸತ್ತ. ಹಾಲೇಶ್ ಹೊರಗೆ ಹೋದ.

ಹಾಸಿಗೆಯ ಮೇಲೆ ಕಣ್ಣು ಬಿಟ್ಟಿದ್ದಾನೆ. ಸುತ್ತ ಮಣ್ಣು. ನಾನು ಅಲ್ಲಿ ಹೋಳಿಗೆ ತಿನ್ನುತ್ತಿದ್ದೆ.

ಫೋನನ್ನು ಇಲ್ಲೇ ಚಾರ್ಜಿಗೆ ಹಾಕಿ ಹೋಗಿದ್ದೆ. ಅದರಲ್ಲಿ ಅವನ ಮೆಸೇಜು:

"ಸ್ವಾತಿ ಹಬ್ಬಕ್ಕೆ ತವರಿಗೆ ಹೋಗಿದಾಳೆ. ಇಲ್ಲಿ ಮಾತಾಡಕ್ಕೆ ಒಬ್ರೂ ಇಲ್ಲ. ನಮ್ಮನೇಲಿ ಸ್ವಲ್ಪ ಹೊತ್ತು ಕೂತ್ಕಳಣ ಅಂತ ಬಂದೆ ಮಾರಾಯ. ನೀ ಮಣ್ಣು ತುಂಬ್ಸಿಬಿಟ್ಟಿದೀಯ. ಇರ್ಲಿ ಬಿಡು. ಇಷ್ಟು ದಿನ ಬರ್ದೆ ಇದ್ದಿದ್ದು ನಾನೇ ಅಲ್ವಾ. ಆ ಜಾಗದಲ್ಲಿ ಏನಾದ್ರೂ ಒಳ್ಳೇದು ಕಟ್ಟು."

ನಾನು ತುಂಬಿಸಿದ್ದಲ್ಲ ಎಂದು ಬರೆದೆ. ಧರೆ ಜರಿದಿದ್ದು, ತಿಂಗಳಿಂದ ಅಗೆಯುತ್ತಿದ್ದೇನೆ, ಜಗಲಿ ಕಂಡಿದೆ... ಬರೆಯುತ್ತಾ ಹೋದರೆ ನೆಪ ಹೇಳಿದ ಹಾಗೇ ಕಾಣಿಸಿತು. ಅಳಿಸಿದೆ.

ಮೂರು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ.

ಸಂಜೆ

ಬಾಗಿಲಿನವರೆಗೆ ತೆಗೆದೆ. ಇನ್ನು ಒಳಗಿನದು ಮಾತ್ರ. ಸೂರಿನ ಕಡೆಯಿಂದ ಮತ್ತೆ ಜಾರುತ್ತಿದೆ, ಜಾರಲಿ. ಈಗ ಇನ್ನೊಮ್ಮೆ ಫೋನ್ ಮಾಡಿದ್ದೇನೆ, ರಿಂಗ್ ಆಗುತ್ತಿದೆ. ಎತ್ತಿದರೆ ಮೊದಲು ಹೇಳಬೇಕಾದದ್ದು, ನಿನ್ನ ಮನೆಯ ಬಾಗಿಲು ಕಂಡಿದೆ, ಬಾ—