ತಣ್ಣಗಿನ ಎಂಜಿನ್ನಿನ ಸದ್ದು

೧೬ ನವೆಂಬರ್, ಶನಿವಾರ. ಮಿರಜ

ನಮ್ಮ ಬ್ಯಾಂಕು ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಯಿತು. ಸೋಮವಾರದಿಂದ ನನಗೆ ಜತ್ತಿನ ಶಾಖೆ. ದಿನವೂ ಅಷ್ಟು ದೂರಕ್ಕೆ ಈ ಹಳೆಯ ಕಾರನ್ನು ನಂಬಬಹುದೇ ಎಂದು ವಾರವಿಡೀ ಚಿಂತೆ. ಬೆಳಿಗ್ಗೆ ಚಾಲೂ ಮಾಡಿದೊಡನೆ ಕ್ಷಣಕಾಲ ಕರಕರ ಸದ್ದು. ನಮ್ಮವರು ಕಾರು ತೊಳೆದು, ಎಂಜಿನ್ ಬಿಸಿ ಮಾಡಿಯೇ ಗ್ಯಾರೇಜಿಗೆ ಒಯ್ಯುತ್ತಾರೆ. ಅಲ್ಲಿ ಸದ್ದೇ ಇರುವುದಿಲ್ಲ.

"ನಾ ಬರೂತನಾ ಯಾರೂ ಕೀಲಿ ಮುಟ್ಟಬ್ಯಾಡ್ರಿ, ಎಂಜಿನ್ ತಣ್ಣಗs ಇರ್ಲಿ" ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದ ನಮ್ಮವರ ಚಿಕ್ಕಮ್ಮ, ಮಾಣಿಕ ಮಾವಶಿ, ಇಂದು ನಸುಕಿನಲ್ಲೇ ಮಾಲಗಾಂವದಿಂದ ಬಂದರು. ದ್ರಾಕ್ಷಿ ಸಾಗಿಸುವ ಟೆಂಪೋಗಳ ಒಡತಿ. ನನ್ನಿಂದ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳಿದರು.

"ಎಂಜಿನ್ ಒಳಗಿನ ಟೈಮಿಂಗ್ ಚೈನ್ ಸಡಲ ಆಗೇತಿ. ಈಗs ಬದಲಸ್ರಿ."

"ಎಂಜಿನ್ ಇರೂತನಾ ಚೈನ್ ಬಾಳತೈತಿ ಅಂತಾರಲ್ರಿ ಮಾವಶಿ," ಎಂದರು ನಮ್ಮವರು.

"ಹೊತ್ತಿಗೆ ಸರಿಯಾಗಿ ಆಯಿಲ್ ಬದಲಸಿದವರಿಗೆ ಬಾಳತೈತಿ. ನೀ ಬರೇ ಮ್ಯಾಲ ತೊಳದಿ. ಅದು ಹರದ್ರ ಎಂಜಿನ್ನೂ ಹೋಗತೈತಿ, ಸೊಸಿ ದಾರ್ಯಾಗ ನಿಂದರತಾಳ."

ನಮ್ಮವರು ಕೀಲಿಯನ್ನು ಮಾವಶಿಯ ಕೈಗೆ ಕೊಟ್ಟರು.

"ಸೋಮವಾರ ನಾನs ಬಿಡತೀನಿ," ಎಂದರು ಮಾವಶಿ ನನಗೆ, "ಟೆಂಪೋದಾಗ ಕುಂದ್ರಾಕ ಬ್ಯಾಂಕಿನ ಸಾಹೇಬರಿಗೆ ನಾಚಿಕಿ ಇಲ್ಲಂದ್ರ."

ಆ ಮುಚ್ಚಿದ ಕಣ್ಣುಗಳೇ ಮನಸ್ಸಿನಲ್ಲಿವೆ. ಎಂಥ ತಾಳ್ಮೆಯ ಕಿವಿ. ದ್ರಾಕ್ಷಿಯ ಖಾಲಿ ಕ್ರೇಟುಗಳ ಟೆಂಪೋದಲ್ಲಿ ಅವರ ಪಕ್ಕ ಕುಳಿತು ಹೋಗಿ, ದೊಡ್ಡ ಬ್ಯಾಂಕಿನ ಬಾಗಿಲಲ್ಲಿ ಇಳಿಯುವುದನ್ನು ನೆನೆದರೆ, ಹೊಸ ಶಾಖೆಯ ಅಳುಕು ಅರ್ಧ ಕರಗುತ್ತದೆ.